ಟಚ್ ಡಿಸ್‌ಪ್ಲೇ 2: ಕನ್ನಡ ಅಂಕಿ ಬರೆಸಲು ಈ ಪರದೆ ಹೇಗೆ?

ಮುಟ್ಟಿದ ಜಾಗದಲ್ಲೇ ಮಿದುಳಿನಂತೆ ಲೆಕ್ಕ ಹಾಕುವ ಪರದೆಗಳು ಇನ್ನೂ ಪ್ರಯೋಗಾಲಯದಲ್ಲೇ ಇವೆ. ಅದರ ರುಚಿ ನೋಡಲು, ಅಂದರೆ ಬೆರಳಲ್ಲಿ ಬರೆದ ಕನ್ನಡ ಅಂಕಿಯನ್ನು ಗುರುತಿಸುವ ಮಿಡಿತದ ಜಾಲ (ನರಕೋಶಗಳಂತೆ ಮಿಡಿಯುವ ನ್ಯೂರಾನ್‌ಗಳ ಪ್ರೋಗ್ರಾಂ) ಓಡಿಸಲು, ರಾಸ್ಪ್‌ಬೆರಿ ಪೈ 5 ಎಂಬ ಪುಟ್ಟ ಕಂಪ್ಯೂಟರ್ ಮತ್ತು 2024ರ ನವೆಂಬರಿನಲ್ಲಿ 60 ಡಾಲರಿಗೆ ಬಂದ ಏಳಿಂಚಿನ ಟಚ್ ಡಿಸ್‌ಪ್ಲೇ 2 ಸಾಕು. ಪರದೆ ಬೆರಳು ಎಲ್ಲಿದೆ ಎಂದಷ್ಟೇ ಹೇಳುತ್ತದೆ, ಬುದ್ಧಿಯೆಲ್ಲ ಪೈನದು.

ಹಳೆಯ ಮಾದರಿ 800×480 ಪಿಕ್ಸೆಲ್ ಇತ್ತು, ಇದು 720×1280. ವ್ಯತ್ಯಾಸ ನೋಡಿದ ಕೂಡಲೇ ಗೊತ್ತಾಗುತ್ತದೆ. ಪೈ 5ಕ್ಕೆ ಬೇಕಾದ 22ರಿಂದ 15 ಪಿನ್ನಿನ ಕೇಬಲ್ ಡಬ್ಬಿಯಲ್ಲೇ ಇದೆ. ಕರೆಂಟಿನ ಕೆಂಪು ತಂತಿ ಜಿಪಿಐಒ (ಪೈ ಮೇಲಿನ ಪಿನ್ನುಗಳ ಸಾಲು) ಎಣಿಕೆಯ 2ನೇ ಪಿನ್ನಿಗೆ, ಕಪ್ಪು 6ನೆಯದಕ್ಕೆ. ಅದಲುಬದಲಾದರೆ ಪರದೆ ಹಾಳಾಗಬಹುದು, ಪೈ ಆಫ್ ಮಾಡಿಯೇ ಜೋಡಿಸಿ. ಪರದೆ ಮೂಲತಃ ಉದ್ದನೆಯದು. ಅಂಕಿ ಬರೆಯಲು ಹಾಗೇ ಇರಲಿ; ಅಡ್ಡ ತಿರುಗಿಸಿದಾಗ ಚಿತ್ರದ ಜೊತೆ ಟಚ್ ತಿರುಗದಿದ್ದರೆ ಗೆರೆ ಇನ್ನೆಲ್ಲೋ ಮೂಡುತ್ತದೆ.

ತರಬೇತಿಗೆ ವಿನಯ್ ಪ್ರಭು 2019ರಲ್ಲಿ ಕೊಟ್ಟ ಕನ್ನಡ-ಎಂನಿಸ್ಟ್ ಎಂಬ ಕೈಬರಹದ ಅಂಕಿಗಳ ಸಂಗ್ರಹ ಇದೆ: ಕಲಿಕೆಗೆ 60,000, ಪರೀಕ್ಷೆಗೆ 10,000 ಚಿತ್ರ, ಎಲ್ಲವೂ 28×28. ಮಿಡಿತದ ಜಾಲ ಕಟ್ಟುವ ಪೈಥಾನ್ ಲೈಬ್ರರಿ ಎಸ್‌ಎನ್‌ಎನ್‌ಟಾರ್ಚ್‌ನಲ್ಲಿ 784-1000-10 ಜಾಲ (ಚಿತ್ರದ 784 ಪಿಕ್ಸೆಲ್, ನಡುವೆ 1000 ನ್ಯೂರಾನ್, ಕೊನೆಗೆ ಅಂಕಿಗೊಂದರಂತೆ 10), ಬೀಟಾ (ಪ್ರತಿ ಹೆಜ್ಜೆಯಲ್ಲಿ ಸೋರದೆ ಉಳಿಯುವ ಪಾಲು) 0.95, ಒಂದು ಚಿತ್ರಕ್ಕೆ 25 ಹೆಜ್ಜೆ ಇಟ್ಟು ಶುರುಮಾಡಿ. ಇಲ್ಲಿನ ನ್ಯೂರಾನ್ ಬಂದದ್ದನ್ನು ಕೂಡಿಸಿಕೊಳ್ಳುತ್ತದೆ, ಸ್ವಲ್ಪ ಸ್ವಲ್ಪ ಸೋರಿಸುತ್ತದೆ, ಮಿತಿ ದಾಟಿದಾಗ ಮಾತ್ರ ಮಿಡಿಯುತ್ತದೆ. ಕಲಿಸುವ ಕೆಲಸ ಲ್ಯಾಪ್‌ಟಾಪಿನಲ್ಲಿ ಮುಗಿಸಿ. ಪೈಗೆ ಹೋಗುವ ತೂಕಗಳ (ಜಾಲ ಕಲಿತ ಸಂಖ್ಯೆಗಳ) ಫೈಲು ಸುಮಾರು 3 ಎಂಬಿ.

ಪರೀಕ್ಷೆಯಲ್ಲಿ ಜಾಣನಾಗಿದ್ದ ಜಾಲ ಪರದೆಯ ಮೇಲೆ ದಡ್ಡನಾದರೆ ಮೊದಲು ಅನುಮಾನಿಸಬೇಕಾದ್ದು ಚಿತ್ರವನ್ನು; ಅದು ಜಾಲ ಕಲಿತ ಚಿತ್ರಗಳಂತೆಯೇ ಇರಬೇಕು. ಬರೆಯುವ ಚೌಕ 560×560 ಪಿಕ್ಸೆಲ್ ಇರಲಿ (ಸುಮಾರು 68 ಮಿ.ಮೀ.). ಆಗ 20×20 ಪಿಕ್ಸೆಲ್ಲಿನ ಒಂದೊಂದು ತುಂಡಿನ ಸರಾಸರಿ ತೆಗೆದರೆ ನೇರ 28×28. ಗೆರೆ 40 ಪಿಕ್ಸೆಲ್ ದಪ್ಪ, ಕಪ್ಪಿನ ಮೇಲೆ ಬಿಳಿ. ಬೆರಳು ಬೇಗ ಓಡಿದಾಗ ಟಚ್ ಬಿಡಿ ಚುಕ್ಕಿಗಳನ್ನಷ್ಟೇ ಕೊಡುತ್ತದೆ, ಅವುಗಳ ನಡುವೆ ಗೆರೆ ಎಳೆದು ಸೇರಿಸಿ. ಆಮೇಲೆ ಅಂಕಿಯನ್ನು ನಡುವಿಗೆ ಸರಿಸಿ. ೧ರ ಬಾಯಿ ಮುಚ್ಚಿಹೋದರೆ ೦ ಎಂದೇ ಓದೀತು, ೩ ಮತ್ತು ೭ ಕೂಡ ಹತ್ತಿರದ ರೂಪಗಳೇ.

ಪೈನ ಪ್ರೊಸೆಸರಿನಲ್ಲಿ ಮಿಡಿತದ ಜಾಲ ಕರೆಂಟು ಉಳಿಸುವುದಿಲ್ಲ. ನ್ಯೂರಾನ್ ಸುಮ್ಮನಿದ್ದರೂ ಅದರ ಗುಣಾಕಾರ 25 ಹೆಜ್ಜೆಗಳಲ್ಲೂ ನಡೆಯುತ್ತದೆ. ಅಂಕಿ ಗುರುತಿಸುವುದಷ್ಟೇ ಗುರಿಯಾದರೆ ಸಾಧಾರಣ ಜಾಲವೇ ಚುರುಕು. ಮಿಡಿತ ಹೇಗೆ ನಡೆಯುತ್ತದೆಂದು ಮಕ್ಕಳಿಗೆ ತೋರಿಸಬೇಕಿದ್ದರೆ ಮಾತ್ರ ಈ ಹಾದಿ. ಪರದೆಗೆ ಕೊಟ್ಟ ಹಣ ಎರಡಕ್ಕೂ ಸಾರ್ಥಕ. ಪೈ ಝೀರೋ ಇರುವವರು ಮಾತ್ರ ಕೊಳ್ಳಬೇಡಿ, ಅದರಲ್ಲಿ ಪರದೆಯ ಕೇಬಲ್ ಸೇರುವ ಡಿಎಸ್‌ಐ ಕಿಂಡಿಯೇ ಇಲ್ಲ.