ಹತ್ತರ ಮೇಲೂ ಪಟಾಕಿ: 112ಕ್ಕೆ ಕರೆಯೋ, ಸಂಘಕ್ಕೆ ದೂರೋ?

ದೀಪಾವಳಿ ರಾತ್ರಿ 11 ಗಂಟೆ. ಬೆಂಗಳೂರಿನ ನಿಮ್ಮ ಬೀದಿಯಲ್ಲಿ ಇನ್ನೂ ಪಟಾಕಿ ಸದ್ದು. ಯಾರಿಗೆ ಹೇಳ್ತೀರಿ?

ಪೊಲೀಸರನ್ನು ಕರೆಯುವ ತುರ್ತು ಸಂಖ್ಯೆ 112ಕ್ಕೆ ಅಂದರೆ ಕಾನೂನು ನಿಮ್ಮ ಕಡೆಗಿದೆ. ದೀಪಾವಳಿಗೆ ರಾತ್ರಿ 8ರಿಂದ 10ರವರೆಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ತಪ್ಪಿದರೆ ಠಾಣಾಧಿಕಾರಿಯೇ ಹೊಣೆ ಎಂದೂ ಸೇರಿಸಿತ್ತು. ತೊಂದರೆ ಇರುವುದು ಸಾಕ್ಷಿಯಲ್ಲಿ. ಪೊಲೀಸರು ಬರುವಷ್ಟರಲ್ಲಿ ರಸ್ತೆಯಲ್ಲಿ ಉಳಿದಿರುವುದು ಕಾಗದದ ಚೂರು. ಹಚ್ಚಿದ್ದು ಯಾರು ಅಂದರೆ ಎಲ್ಲರೂ ಗಪ್‌ಚುಪ್. ಅದಕ್ಕೇ ಸಮಯ ಕಾಣುವಂತೆ ವಿಡಿಯೊ ಮಾಡಿಟ್ಟುಕೊಳ್ಳಿ.

ಬಡಾವಣೆ ಸಂಘಕ್ಕೆ ಕೇಸು ಹಾಕುವ ಅಧಿಕಾರ ಇಲ್ಲ. ಆದರೆ ಹಬ್ಬಕ್ಕೆ ವಾರ ಮೊದಲೇ ಹೇಳಿದರೆ ಮೈದಾನದಲ್ಲಿ ಒಂದೇ ಜಾಗ, ಒಂದೇ ಸಮಯ ಗೊತ್ತು ಮಾಡಬಹುದು. ನೆರೆಯವರ ಜೊತೆ ಮನಸ್ತಾಪವೂ ಕಡಿಮೆ. (ಅಧ್ಯಕ್ಷರ ಮೊಮ್ಮಗನೇ ಹಚ್ಚುತ್ತಿದ್ದರೆ ಮಾತ್ರ ಕಷ್ಟ!)

ಒಂದು ಮನೆಯವರು ಹತ್ತು ನಿಮಿಷ ಜಾಸ್ತಿ ಹೊಡೆದರೆ ಸುಮ್ನೆ ಸಂಘಕ್ಕೆ ಹೇಳಿ ಬಿಡಿ. ದಿನಾ ರಾತ್ರಿ ಇದೇ ಆದರೆ, ಅಥವಾ 100 ಮೀಟರ್ ಒಳಗೆ ಆಸ್ಪತ್ರೆ ಇದ್ದರೆ, ನಾನಂತೂ 112 ಒತ್ತುತ್ತೇನೆ. ಆಸ್ಪತ್ರೆ ಸುತ್ತ ಸದ್ದಿನ ಪಟಾಕಿಗೆ ಹಗಲಲ್ಲೂ ಅವಕಾಶ ಇಲ್ಲ.