ಮೋಟಾರ್ ಕಳವಿನ ದೂರು ಮತ್ತು ನಮ್ಮ ಪೊಲೀಸ್ ಠಾಣೆ: ಒಂದು ವಿಮರ್ಶೆ

ಕೊಪ್ಪಳ ಜಿಲ್ಲೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಊರೊಂದರಲ್ಲಿ ನನ್ನ ಮೋಟಾರ್ ರಿವೈಂಡಿಂಗ್ ಅಂಗಡಿ, ಅಂದರೆ ಸುಟ್ಟುಹೋದ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ ಇದೆ. ಪಂಪ್‌ಸೆಟ್ ಕಳೆದುಕೊಂಡ ರೈತರು ಠಾಣೆಯ ಮೆಟ್ಟಿಲು ಹತ್ತುವ ಮೊದಲು ನನ್ನ ಬಳಿ ಬರುತ್ತಾರೆ. ಯಾರಾದರೂ ತಾಮ್ರದ ತಂತಿ ತಂದಿದ್ದರೇ ಎಂದು ವಿಚಾರಿಸುತ್ತಾರೆ, ಆಮೇಲೆ ಜೊತೆಗೆ ಬರಲು ಕರೆಯುತ್ತಾರೆ. ನಮ್ಮ ಠಾಣೆಯ ಸೇವೆಯನ್ನು ನಾನು ಬಲ್ಲದ್ದು ಹೀಗೆ.

ಒಳಗೆ ಕಾಲಿಟ್ಟಾಗಿನ ಅನುಭವ ಈಗ ಬಹಳ ಸುಧಾರಿಸಿದೆ. ಬಾಗಿಲಲ್ಲೇ ನಿಲ್ಲಿಸಿ ಮಾತನಾಡಿಸುತ್ತಿದ್ದ ಕಾಲ ಹೋಗಿದೆ. ಸ್ವಾಗತದ ಮೇಜಿನಲ್ಲಿ ಮಹಿಳಾ ಕಾನ್‌ಸ್ಟೆಬಲ್ ಒಬ್ಬರು ಕುಳಿತಿರುತ್ತಾರೆ. ಕಳೆದ ಸಲ ನನ್ನೊಂದಿಗೆ ಬಂದಿದ್ದ ವೃದ್ಧ ರೈತರಿಗೆ ಅವರು "ಅಜ್ಜಾ, ಕುಳಿತುಕೊಳ್ಳಿ, ಮೊದಲು ನೀರು ಕುಡಿಯಿರಿ" ಎಂದರು. ಅಷ್ಟು ಹೊತ್ತು ತೊದಲುತ್ತಿದ್ದ ಅಜ್ಜ, ಮೋಟಾರು ಎಷ್ಟು ಅಶ್ವಶಕ್ತಿಯದು, ಯಾವ ಅಂಗಡಿಯಲ್ಲಿ ಕೊಂಡದ್ದು, ಯಾವ ದಾರಿಯಲ್ಲಿ ಟಯರಿನ ಗುರುತು ಕಂಡಿತು ಎಂಬುದನ್ನೆಲ್ಲ ಒಂದೊಂದಾಗಿ ಹೇಳಿದರು. ತನಿಖೆಗೆ ಬೇಕಾದದ್ದು ಇದೇ ತಾನೇ? ಗದರಿಸಿದ್ದರೆ ಇದರಲ್ಲಿ ಅರ್ಧವೂ ಹೊರಬರುತ್ತಿರಲಿಲ್ಲ.

ದೂರು ದಾಖಲಿಸುವ ವಿಷಯದಲ್ಲಿ ಮಾತ್ರ ನನಗೆ ಸಿಟ್ಟಿದೆ. "ಅರ್ಜಿ ಕೊಟ್ಟು ಹೋಗಿ, ನೋಡೋಣ" ಎಂಬ ಮಾತು ಇನ್ನೂ ಕೇಳಿಬರುತ್ತದೆ. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅದರ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ತಿಳಿಸಬೇಕೆಂದೂ ಅದೇ ಸಂಹಿತೆ ಹೇಳುತ್ತದೆ. ನಮ್ಮ ರೈತರಿಗೆ ಪ್ರತಿ ಸಿಗುತ್ತದೆ, ಕೇಳಿದರೆ. ತನಿಖೆಯ ಸುದ್ದಿ ಮಾತ್ರ ತಾನಾಗಿ ಬಂದದ್ದನ್ನು ನಾನು ಕಂಡಿಲ್ಲ. ಮೋಟಾರು ಸಿಗದಿದ್ದರೂ ಸಹಿಸಿಕೊಳ್ಳುವ ರೈತ, ಹುಡುಕುತ್ತಿದ್ದಾರೋ ಇಲ್ಲವೋ ಎಂಬುದೇ ತಿಳಿಯದಿದ್ದಾಗ ಠಾಣೆಯ ಆಸೆಯನ್ನೇ ಬಿಡುತ್ತಾನೆ. ಮುಂದಿನ ಸಲ ಕಣ್ಣೆದುರೇ ಏನಾದರೂ ಕಂಡರೂ ಬಾಯಿ ಬಿಡುವುದಿಲ್ಲ.

ನಮ್ಮ ಊರಿನ ಗಸ್ತಿನ ಹೊಣೆ ಹೊತ್ತಿದ್ದ ಹಿಂದಿನ ಬೀಟ್ ಕಾನ್‌ಸ್ಟೆಬಲ್ ಮಾಡಿದ ಕೆಲಸವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕದ್ದವರು ಮೋಟಾರನ್ನು ಒಡೆದು, ತಂತಿಯ ಹೊದಿಕೆಯನ್ನು ಸುಟ್ಟು, ತಾಮ್ರವನ್ನಷ್ಟೇ ಗುಜರಿಗೆ ಹಾಕುತ್ತಾರೆ. ಸುಟ್ಟ ತಾಮ್ರ ನನ್ನ ಅಂಗಡಿಯಿಂದಲೂ ಹೋಗುತ್ತದೆ. ಕಳ್ಳಮಾಲು ಯಾವುದು, ನ್ಯಾಯವಾದದ್ದು ಯಾವುದು ಎಂದು ನೋಡಿ ಹೇಳಲಾಗದು. ಆ ಕಾನ್‌ಸ್ಟೆಬಲ್ ಒಂದು ಸಂಜೆ ಅಂಗಡಿಯ ಬೆಂಚಿನ ಮೇಲೆ ಕುಳಿತು, "ಇದಕ್ಕೆ ಏನು ಮಾಡಬಹುದು, ನೀವೇ ಹೇಳಿ ಅಣ್ಣಾ" ಎಂದು ಕೇಳಿದರು. ಪೊಲೀಸರು ನನ್ನನ್ನು ಅನುಮಾನದಿಂದ ನೋಡದೆ ಸಲಹೆ ಕೇಳಿದ್ದು ಅದೇ ಮೊದಲು. ಹಳೆಯ ತಂತಿಯ ಜೊತೆ ತೂಕ ಮತ್ತು ರೈತರ ಹೆಸರು ಬರೆದ ಚೀಟಿ ಕೊಡುತ್ತೇನೆ ಎಂದೆ. ಅವರು ಗುಜರಿ ಅಂಗಡಿಯವರನ್ನು ಕಂಡು, ಚೀಟಿ ಇಲ್ಲದ ತಾಮ್ರವನ್ನು ಕೊಳ್ಳದಂತೆ ಒಪ್ಪಿಸಿದರು. ಹೊಸ ಮೋಟಾರುಗಳ ಮೇಲೆ ನಾನು ಅಕ್ಷರದ ಅಚ್ಚು ಹೊಡೆದು, ನಾಮಫಲಕದ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡತೊಡಗಿದೆ. ಕಳವು ನಿಂತುಹೋಯಿತು ಎನ್ನಲಾರೆ. ಆದರೆ ರಾತ್ರಿ ಕಾಲುವೆ ದಾರಿಯಲ್ಲಿ ಅಪರಿಚಿತ ಗಾಡಿ ಕಂಡರೆ ಜನ ಅವರಿಗೆ ಫೋನ್ ಮಾಡತೊಡಗಿದರು.

ಆಮೇಲೆ ಅವರಿಗೆ ವರ್ಗವಾಯಿತು. ಚೀಟಿಯ ವ್ಯವಸ್ಥೆ ಠಾಣೆಯ ಯಾವ ಪುಸ್ತಕದಲ್ಲೂ ಇರಲಿಲ್ಲ. ಹೊಸಬರಿಗೆ ಅದನ್ನು ಯಾರೂ ಹೇಳಿರಲಿಲ್ಲ, ಗುಜರಿಯವರೂ ಮೆಲ್ಲಗೆ ಬಿಟ್ಟುಬಿಟ್ಟರು. ಜನ ನಂಬಿದ್ದು ಆ ಒಬ್ಬರನ್ನು, ಠಾಣೆಯನ್ನಲ್ಲ. 2025ರಲ್ಲಿ ರಾಜ್ಯ ಸರ್ಕಾರ, ಪೊಲೀಸರೇ ಮನೆಗೆ ಬಂದು ಜನರ ಕಷ್ಟ ಕೇಳುವ 'ಮನೆ ಮನೆಗೆ ಪೊಲೀಸ್' ಯೋಜನೆ ಆರಂಭಿಸಿದೆ. ಮನೆಗೆ ಬಂದವರು ಕೇಳಿಸಿಕೊಂಡದ್ದು ಅವರ ನಂತರ ಬರುವವರ ಕೈಗೂ ಸಿಗುವಂತಾಗಲಿ. ಪ್ರತಿ ಬೀಟಿಗೆ ಒಂದು ಪುಸ್ತಕ ಇಟ್ಟು, ವರ್ಗವಾದವರು ಹೊಸಬರನ್ನು ಊರಿಗೆ ಕರೆತಂದು ಪರಿಚಯಿಸಿ ಹೋದರೆ ಸಾಕು. ಇದಕ್ಕೆ ಅನುದಾನ ಬೇಕಿಲ್ಲ.

ಇನ್ನೊಂದು ಕೊರತೆ ಇದೆ. ಅಕ್ಕಿ ಗಿರಣಿಗಳಲ್ಲಿ ದುಡಿಯುವ ಹೊರರಾಜ್ಯದ ಹುಡುಗರು ಮೊಬೈಲ್ ಕಳೆದುಕೊಂಡರೂ ಠಾಣೆಯತ್ತ ಸುಳಿಯುವುದಿಲ್ಲ. ಊರಲ್ಲಿ ಕಳವಾದಾಗ ಮಾತ್ರ ಮೊದಲು ವಿಚಾರಣೆಗೆ ಕರೆಯುವುದು ಅವರನ್ನೇ. ಇದು ನನಗೆ ನಿಜಕ್ಕೂ ನೋವು ತರುವ ಸಂಗತಿ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಮಾತಿನ ಮರ್ಯಾದೆಗೆ ಪೂರ್ಣ ಅಂಕ, ತನಿಖೆಯ ಸುದ್ದಿ ಮುಟ್ಟಿಸುವುದಕ್ಕೆ ಸೊನ್ನೆ. ದೂರು ಕೊಡಲು ಹೋಗುವವರು ಮೋಟಾರಿನ ಬಿಲ್ಲು ಮತ್ತು ನಾಮಫಲಕದ ಫೋಟೋ ಒಯ್ಯಿರಿ, ಎಫ್‌ಐಆರ್ ಪ್ರತಿ ಪಡೆಯದೆ ಏಳಬೇಡಿ, ನಿಮ್ಮ ಊರಿನ ಬೀಟ್ ಯಾರದೆಂದು ಕೇಳಿ ಅವರ ಸಂಖ್ಯೆಯನ್ನು ಅಲ್ಲೇ ಬರೆದುಕೊಳ್ಳಿ.