ಅಲ್ಯೂಮಿನಿಯಂ ಮಾಸ್ಟೋ ಕಾರ್ಬನ್ ಮಾಸ್ಟೋ: ಒಂದು ಸೀಸನ್ ಆಡಿ ನೋಡಿದ್ದು

ವಿಂಗ್ ಫಾಯಿಲಿಂಗ್ ಬೋರ್ಡಿನ ಅಡಿಯಿಂದ ನೀರೊಳಗಿನ ರೆಕ್ಕೆಗೆ ಇಳಿಯುವ ಕಂಬವೇ ಮಾಸ್ಟ್. ಅದು ಯಾವುದರದ್ದಿರಬೇಕು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾರ್ಬನ್‌ಗೆ. ಅದೂ ಸಾವಿರ ಡಾಲರ್ ದಾಟಿದ ಹೈ ಮಾಡ್ಯುಲಸ್, ಅಂದರೆ ಇನ್ನೂ ಬಿಗಿಯಾದ, ಕಾರ್ಬನ್‌ಗಲ್ಲ. ಯಾರೋ ಎರಡು ವರ್ಷ ಆಡಿ ಮಾರಿದ ಸಾದಾ ಕಾರ್ಬನ್‌ಗೆ.

ವಿಂಗ್ ಫಾಯಿಲಿಂಗ್ ಅಂದರೆ ಗಾಳಿ ತುಂಬಿದ ರೆಕ್ಕೆಯನ್ನು (ವಿಂಗ್) ಕೈಯಲ್ಲಿ ಹಿಡಿದು ಬೋರ್ಡ್ ಓಡಿಸುವ ಆಟ. ಮಾಸ್ಟಿನ ಕೆಳತುದಿಗೆ ಫ್ಯೂಸಲೇಜ್ ಎನ್ನುವ ದಂಡ, ಅದಕ್ಕೆ ನೀರೊಳಗಿನ ರೆಕ್ಕೆಗಳು, ಮುಂದಿನದು ಫ್ರಂಟ್ ವಿಂಗ್. ಇದೆಲ್ಲ ಸೇರಿ ಫಾಯಿಲ್, ವೇಗ ಬಂದರೆ ಬೋರ್ಡನ್ನು ನೀರಿನಿಂದ ಮೇಲೆತ್ತುವುದು ಅದೇ. ನಾನು ಇದನ್ನು ಆಡುವುದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ, ಫಾಸ್ಟರ್ ಸಿಟಿ ಹತ್ತಿರದ ಥರ್ಡ್ ಅವೆನ್ಯೂ ದಡದಿಂದ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಸ್ಯಾನ್ ಬ್ರೂನೊ ಹತ್ತಿರದ ಬೆಟ್ಟಗಳ ಸಂದಿಯಿಂದ ಸಮುದ್ರದ ಗಾಳಿ ನುಗ್ಗುತ್ತದೆ. 20 ನಾಟ್ (ಗಂಟೆಗೆ ಸುಮಾರು 37 ಕಿಮೀ) ಅಂದರೆ ಇಲ್ಲಿ ವಿಶೇಷವೇನಲ್ಲ. ಇಳಿತದ ಹೊತ್ತಲ್ಲಿ ನೀರು ಗಾಳಿಗೆ ಎದುರಾಗಿ ಹರಿಯುತ್ತದೆ. ಆಗ ಅಲೆಗಳು ಗಿಡ್ಡಗೆ, ಒತ್ತೊತ್ತಾಗಿ, ಚೂಪಾಗಿ ಏಳುತ್ತವೆ. ಮಾಸ್ಟ್ ಎಂಥದ್ದು ಅಂತ ಗೊತ್ತಾಗುವುದು ಇಂಥ ನೀರಿನಲ್ಲೇ.

ಕಲಿಯುವಾಗ ಇದ್ದದ್ದು 75 ಸೆಂಟಿಮೀಟರ್ ಅಲ್ಯೂಮಿನಿಯಂ ಮಾಸ್ಟ್. ಕೆಳಗೆ 1500ರ (ಅಂದರೆ 1500 ಚದರ ಸೆಂಟಿಮೀಟರ್ ವಿಸ್ತೀರ್ಣದ) ದಪ್ಪ ಫ್ರಂಟ್ ವಿಂಗ್, ತುದಿಯಿಂದ ತುದಿಗೆ ಸುಮಾರು 80 ಸೆಂಟಿಮೀಟರ್. ಆ ಜೋಡಿಯ ಬಗ್ಗೆ ನನಗೆ ಒಂದೂ ದೂರಿಲ್ಲ. ತೊಂದರೆ ಶುರುವಾಗಿದ್ದು 1200ರ ಹೈ ಆಸ್ಪೆಕ್ಟ್ (ತುದಿಯಿಂದ ತುದಿಗೆ ಉದ್ದ, ಪಟ್ಟಿಯಂತೆ ಕಿರಿದಾದ) ವಿಂಗ್ ಹಾಕಿದ ಮೇಲೆ. ವಿಸ್ತೀರ್ಣ ಕಡಿಮೆಯಾಯಿತು, ಅಗಲ ಮಾತ್ರ ಒಂದು ಮೀಟರ್ ದಾಟಿತು. ತುದಿ ದೂರ ಹೋದಷ್ಟೂ ಅದು ಮಾಸ್ಟನ್ನು ತಿರುಚುವ ಬಲ ಜಾಸ್ತಿ. ಮೇಲೆ ನನ್ನ 82 ಕೆಜಿ ಬೇರೆ. ತಿರುವಿನಲ್ಲಿ ಕಾಲು ಒತ್ತಿದರೆ ಬೋರ್ಡ್ ತಕ್ಷಣ ವಾಲುತ್ತಿತ್ತು, ನೀರೊಳಗಿನ ವಿಂಗ್ ಮಾತ್ರ ಸ್ವಲ್ಪ ಯೋಚನೆ ಮಾಡಿ ಆಮೇಲೆ ಬರುತ್ತಿತ್ತು. ಅಷ್ಟರಲ್ಲಿ ನಾನು ಇನ್ನೊಂದು ಸಲ ಒತ್ತಿರುತ್ತಿದ್ದೆ. ಮುಂದಿನದು ನೀರಿನ ರುಚಿ.

ಅಡಿಕೆ ತೋಟದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಿರಸಿ ಹತ್ತಿರದ ನಮ್ಮ ತೋಟದಲ್ಲಿ ಅಣ್ಣ ಮೊದಲು ಅಡಿಕೆ ಕೊಯ್ಯಲು ಅಲ್ಯೂಮಿನಿಯಂ ದೋಟಿ, ಅಂದರೆ ತುದಿಗೆ ಕತ್ತಿ ಇರುವ ಉದ್ದ ಕೋಲು, ಹಿಡಿಯುತ್ತಿದ್ದ. ಬುಡ ಈ ಕಡೆ ಅಂದರೆ ತುದಿ ಆ ಕಡೆ ತೂಗುತ್ತಿತ್ತು. ಅಡಿಕೆ ಗೊನೆಗೆ ಕತ್ತಿ ಸಿಕ್ಕಿಸುವುದೇ ಒಂದು ಸಾಹಸ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಫೋನಿನಲ್ಲಿ ಅವನ ಮಾತು ಇಷ್ಟೇ: "ಈಗ ತುದಿ ನನ್ನ ಮಾತು ಕೇಳ್ತದೆ ಮಾರಾಯ." ಮಾಸ್ಟ್ ಅಂದರೆ ತಲೆಕೆಳಗಾದ ಗಿಡ್ಡ ದೋಟಿ, ಅಷ್ಟೇ.

85ರ ಸಾದಾ ಕಾರ್ಬನ್ ಮಾಸ್ಟ್ ಸೆಕೆಂಡ್ ಹ್ಯಾಂಡ್‌ನಲ್ಲಿ 420 ಡಾಲರಿಗೆ ಸಿಕ್ಕಿತು. ನನ್ನದೇ ಕಂಪನಿಯ ಫ್ಯೂಸಲೇಜಿಗೆ ಕೂರುವಂಥದ್ದು. ಇದನ್ನು ಮೊದಲು ನೋಡಿಕೊಳ್ಳಿ. ಒಬ್ಬರ ಮಾಸ್ಟ್ ಇನ್ನೊಬ್ಬರ ಫ್ಯೂಸಲೇಜಿಗೆ ಸಾಮಾನ್ಯವಾಗಿ ಕೂರುವುದಿಲ್ಲ. ಅಡಾಪ್ಟರ್ ಹಾಕಿದರೆ ಅಲ್ಲಾಡುವ ಜಾಗ ಇನ್ನೊಂದು ಸೇರಿತು ಅಂತ ಲೆಕ್ಕ.

ಇನ್ನು ನನ್ನ ತಲೆ ತಿಂದ ಕಥೆ. ಹೊಸ ಮಾಸ್ಟ್ ಹಾಕಲು ಹಳೆಯದನ್ನು ಬಿಚ್ಚಬೇಕಲ್ವಾ? ಫ್ಯೂಸಲೇಜ್ ಮೂಲಕ ಮಾಸ್ಟಿನ ಬುಡಕ್ಕೆ ಹೋಗುವ ಎರಡು ಸ್ಟೀಲ್ ಬೋಲ್ಟ್‌ಗಳಲ್ಲಿ ಹಿಂದಿನದು ಬಂತು. ಮುಂದಿನದು ಜಪ್ಪಯ್ಯ ಅನ್ನಲಿಲ್ಲ. ಏಪ್ರಿಲ್‌ನಿಂದ ಅದನ್ನು ಬಿಚ್ಚಿಯೇ ಇರಲಿಲ್ಲ. ಆಟ ಮುಗಿದರೆ ಸುಮ್ನೆ ಕಾರಿನ ಹಿಂದೆ ತುರುಕಿ ಮನೆಗೆ ಬರುತ್ತಿದ್ದೆ. ಸ್ಟೀಲ್, ಅಲ್ಯೂಮಿನಿಯಂ ಎರಡೂ ಉಪ್ಪುನೀರಿನಲ್ಲಿ ಅಂಟಿಕೊಂಡು ಕೂತರೆ ಒಂದು ಪುಟ್ಟ ಬ್ಯಾಟರಿ ಆಗುತ್ತದೆ. ಸವೆಯುವುದು ಅಲ್ಯೂಮಿನಿಯಂ. ಸವೆದದ್ದು ಬಿಳಿ ಪುಡಿಯಾಗಿ ಉಬ್ಬಿ ಬೋಲ್ಟಿನ ಮರೆಯನ್ನು, ಅಂದರೆ ಥ್ರೆಡ್ಡನ್ನು, ಸಿಮೆಂಟಿನ ಹಾಗೆ ಹಿಡಿದುಕೊಳ್ಳುತ್ತದೆ.

ಮೊದಲ ದಿನ ಎಣ್ಣೆ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟೆ. ಎರಡನೇ ದಿನ ಕೆಟಲಿನಲ್ಲಿ ನೀರು ಕುದಿಸಿ ನಾಲ್ಕು ಸಲ ಸುರಿದೆ. ಅಲ್ಯೂಮಿನಿಯಂ ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತದೆ, ಹಾಗಾಗಿ ಬಿಡಬೇಕು. ಕೀಲಿ ಹಾಕಿ ತಿರುಗಿಸಿದಾಗ 'ಟಕ್' ಅಂತ ಶಬ್ದ ಬಂತು. ಬಿಟ್ಟೇ ಬಿಟ್ಟಿತು ಅಂತ ಕುಣಿದೆ. ನೋಡಿದರೆ ಬಿಟ್ಟದ್ದು ಬೋಲ್ಟ್ ಅಲ್ಲ, ಅದರ ತಲೆಯೊಳಗಿನ ನಕ್ಷತ್ರದ ಆರು ಮೂಲೆಗಳು. ಗುಂಡಗೆ ಸವೆದು, ಬೆರಳಿಟ್ಟರೆ ನುಣ್ಣಗಿತ್ತು.

ಮೂರನೇ ದಿನ ಡ್ರಿಲ್. ಒಂದು ಬಿಟ್ ಮುರಿಯಿತು. ಎರಡನೆಯದರಲ್ಲಿ ಬೋಲ್ಟಿನ ತಲೆ ಹಾರಿ ಫ್ಯೂಸಲೇಜ್ ಕಳಚಿ ಬಂತು, ಬೋಲ್ಟ್ ಕೂರುವ ಗುಳಿಯಲ್ಲಿ ಒಂದು ಗೀರಿನೊಂದಿಗೆ. ಉಳಿದ ದಂಟು ಮಾಸ್ಟಿನೊಳಗೇ ಇದೆ. ಹಳೆಯದನ್ನು 100 ಡಾಲರಿಗಾದರೂ ಮಾರಬಹುದು ಅನ್ನುವ ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು. ಮೂರು ದಿನವೂ ಹೊರಗೆ ಒಳ್ಳೆ ಗಾಳಿ.

ಕಾರ್ಬನ್‌ಗೆ ಹೋದರೆ ಈ ಕಾಟ ತಪ್ಪುತ್ತದೆ ಅಂದುಕೊಳ್ಳಬೇಡಿ. ಕಾರ್ಬನ್ ಕೂಡ ಕರೆಂಟ್ ಹರಿಸುತ್ತದೆ. ದೋಟಿ ಲೈನಿಗೆ ತಾಗದ ಹಾಗೆ ಅಣ್ಣ ಹೆದರಿಕೊಂಡೇ ಕೆಲಸ ಮಾಡುವುದು ಅದಕ್ಕೇ. ಕಾರ್ಬನ್ ಮಾಸ್ಟಿಗೆ ಅಲ್ಯೂಮಿನಿಯಂ ಫ್ಯೂಸಲೇಜ್ ತಾಗಿದರೂ ಸವೆಯುವುದು ಅಲ್ಯೂಮಿನಿಯಂ ಭಾಗವೇ. ಈಗ ಪ್ರತಿ ಸಲ ಬಿಚ್ಚುತ್ತೇನೆ, ಸಿಹಿನೀರಲ್ಲಿ ತೊಳೆಯುತ್ತೇನೆ, ಮರೆಗೆ ಟೆಫ್ಲಾನ್ ಗ್ರೀಸ್ ಹಚ್ಚುತ್ತೇನೆ. ಹತ್ತು ನಿಮಿಷದ ಕೆಲಸ. ಸೋಮಾರಿಗೆ ಹತ್ತು ನಿಮಿಷ ಜಾಸ್ತಿಯೇ.

ನೀರಿಗಿಳಿದ ಮೇಲೆ ಗೊತ್ತಾದದ್ದು ಹೇಳುತ್ತೇನೆ. ಹೋಲಿಕೆ ಪೂರ್ತಿ ನ್ಯಾಯವಾದದ್ದಲ್ಲ, ಉದ್ದವೂ ಬದಲಾಗಿದೆ. ಆದರೆ ಬಾಗುವಿಕೆ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ಅದೇ ಮಾಸ್ಟ್ 75ರ ಬದಲು 85 ಇದ್ದಿದ್ದರೆ ಅದೇ ಒತ್ತಡಕ್ಕೆ ಸುಮಾರು ಒಂದೂವರೆ ಪಟ್ಟು ಬಾಗಬೇಕಿತ್ತು. ಇದು ಉದ್ದ ಇದ್ದೂ ಹಳೆಯದಕ್ಕಿಂತ ಬಿಗಿ. ಜೈಬ್ ತಿರುವಿನ (ಗಾಳಿಗೆ ಬೆನ್ನು ಕೊಟ್ಟು ತಿರುಗುವುದು) ಮಧ್ಯೆ ಕೈಯಲ್ಲಿನ ವಿಂಗನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಕಾಲಡಿಯ ಆ ತೂಗಾಟ ಇಲ್ಲ. ಪಂಪ್ ಮಾಡಿದರೆ, ಅಂದರೆ ಕಾಲಿಂದ ಬೋರ್ಡನ್ನು ಒತ್ತಿ ಎತ್ತಿ ಮುಂದೆ ಹೋದರೆ, ಶ್ರಮ ಪೂರ್ತಿ ಫಾಯಿಲಿಗೆ ಹೋಗುತ್ತದೆ. ಗಾಳಿ ಬಿದ್ದಾಗ ಮೊದಲು ನಾಲ್ಕು ಪಂಪಿಗೆ ಕುಸಿಯುತ್ತಿದ್ದವನು ಈಗ ಹತ್ತು ಎಳೆಯುತ್ತೇನೆ. ಚೂಪು ಅಲೆಯಲ್ಲಿ ಹತ್ತು ಸೆಂಟಿಮೀಟರ್ ಉದ್ದವೂ ಸಹಾಯಕ್ಕೆ ಬಂತು, ಅದರ ಪುಣ್ಯ ಕಾರ್ಬನ್‌ಗೆ ಕೊಡುವುದಿಲ್ಲ. ವೇಗ? ಗಮನಕ್ಕೆ ಬರುವಷ್ಟು ಏನಿಲ್ಲ. ತೂಕ ಪಾರ್ಕಿಂಗ್‌ನಿಂದ ದಡದವರೆಗೆ ಹೊರುವಾಗ ಮಾತ್ರ ಗೊತ್ತಾಗುತ್ತದೆ.

ಜೊತೆಗೆ ಆಡುವ ಒಬ್ಬರು ತಮ್ಮ ಹೈ ಮಾಡ್ಯುಲಸ್ ಮಾಸ್ಟನ್ನು ಎರಡು ದಿನ ಕೊಟ್ಟರು. ಇನ್ನೂ ತೆಳು, ಇನ್ನೂ ಬಿಗಿ. ಅವರು 700ರ ವಿಂಗ್‌ನಲ್ಲಿ ನನ್ನ ಎರಡರಷ್ಟು ವೇಗದಲ್ಲಿ ಹೋಗುವವರು, ಅವರಿಗೆ ಅದು ಬೇಕು. ನನಗೆ ವ್ಯತ್ಯಾಸ ಕಂಡಿತು ಅಂತ ಮೊದಲ ದಿನ ಹೇಳಿದೆ. ಎರಡನೇ ದಿನ ಅಷ್ಟು ಖಾತ್ರಿ ಇರಲಿಲ್ಲ. ಅಲೆಯ ಪ್ರತಿ ಪೆಟ್ಟೂ ಮೊಣಕಾಲಿಗೆ ಬಂದದ್ದು ಮಾತ್ರ ಖಾತ್ರಿ.

ದುಡ್ಡು ಬಿಚ್ಚುವ ಮೊದಲು ಒಂದು ಕೆಲಸ ಮಾಡಿ. ಬೋರ್ಡನ್ನು ಹುಲ್ಲಿನ ಮೇಲೆ ಮಗುಚಿ, ಒಬ್ಬರು ಗಟ್ಟಿಯಾಗಿ ಹಿಡಿದುಕೊಳ್ಳಲಿ. ನೀವು ಫ್ರಂಟ್ ವಿಂಗ್‌ನ ತುದಿ ಹಿಡಿದು ಅಲ್ಲಾಡಿಸಿ, ಕಣ್ಣು ಮಾಸ್ಟ್ ಸೇರುವ ಎರಡು ಜಾಗಗಳ ಮೇಲಿರಲಿ. ಅಲ್ಲಿ ಕೂದಲಷ್ಟು ಸಂದಿ ತೆರೆದು ಮುಚ್ಚಿದರೆ ತಪ್ಪು ಮಾಸ್ಟಿನದಲ್ಲ, ಬೋಲ್ಟಿನದು. ನನ್ನ ಬೋರ್ಡಿನ ಕಡೆಯ ನಾಲ್ಕರಲ್ಲಿ ಎರಡು ಸಡಿಲ ಇದ್ದವು. ಬಿಗಿ ಮಾಡಿದ್ದಕ್ಕೇ ಮೂರರಲ್ಲೊಂದು ಪಾಲು ತೂಗಾಟ ಹೋಯಿತು. ಉಳಿದದ್ದಕ್ಕೆ 420 ಡಾಲರ್ ಕೊಟ್ಟೆ. 1500ರ ವಿಂಗ್‌ನಲ್ಲೇ ಖುಷಿಯಾಗಿ ಆಡುವವನಾಗಿದ್ದರೆ ಅದನ್ನೂ ಕೊಡುತ್ತಿರಲಿಲ್ಲ.

ಹಳೆಯ ಮಾಸ್ಟ್ ಹಿತ್ತಲಲ್ಲಿದೆ. ಊರಿಂದ ಬಂದ ಅಮ್ಮ ಅದನ್ನು ಮಣ್ಣಿಗೆ ಹೂತು ಟೊಮೆಟೊ ಗಿಡ ಕಟ್ಟಿದ್ದಾರೆ.